ವಾಳದ ತಟ್ಟಿಯ ಕಾಕಾ

ಮೊನ್ನೆ ಮುಂಜಾನೆ ಟಿಕೋಟಾದಿಂದ ಫೋನ್ ಬಂತು. ಹೆಣ್ಣು ಧ್ವನಿ. "ಬಿ.ಎಸ್ಸಿ. ಸಾಹೇಬ್ರು ಅದಾರೇನ್ರಿ?" ಎಂದಿತು. ನಿವೃತ್ತನಾಗಿ ಅಥಣಿ ರಸ್ತೆಯಲ್ಲಿ ಮನೆ ಕಟ್ಟಿಕೊಂಡು ಕುಳಿತ ನನ್ನನ್ನು ಹಾಗೆ ಕರೆಯುವ ಮನೆತನ ಈ ಜಿಲ್ಲೆಯಲ್ಲಿ ಒಂದೇ. ಏನು ಸುದ್ದಿ ಅಂತ ಕೇಳುವ ಮೊದಲೇ ತಿಳಿಯಿತು.

"ಅಪ್ಪ ಹೋದಾನ್ರಿ. ನಿನ್ನಿ ಹೊತ್ತು ಮುಳುಗೂ ಮುಂದ. ನಿಮಗ ತಿಳಸಬೇಕಂತ ಮೊದಲಽ ಹೇಳಿಟ್ಟಿದ್ದ."

ಎಂಬತ್ತು ದಾಟಿದ ಜೀವ. ಅಳು ಬರಲಿಲ್ಲ. ಫೋನ್ ಇಟ್ಟು, ಎದ್ದು ಹೋಗಿ ಪಡಸಾಲೆಯ ಪೂರ್ವದ ಕಿಡಕಿ ತೆಗೆದೆ. ಯಾಕೆ ತೆಗೆದೆ ಅಂತ ಹೇಳಬೇಕಾದರೆ ಅವರ ವಿಷಯವೇ ಹೇಳಬೇಕು.

ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಬಹಳ ಸಾಹೇಬರನ್ನು ಕಂಡೆ. ಅವರನ್ನೆಲ್ಲ ಕೂಡಿಸಿ ಬರೆದರೂ ಅರ್ಧ ಪುಟ ತುಂಬುವುದಿಲ್ಲ. ಇವರೋ, ಸಾಹೇಬರಲ್ಲ, ಕಾರಕೂನರಲ್ಲ, ಜವಾನರೂ ಅಲ್ಲ. ಹೋಳಿ ಹುಣ್ಣಿಮೆ ಆದ ಮೇಲೆ ಬಂದು ಜೂನಿನ ಮಿರಗದ ಮಳೆ ಬಿದ್ದ ಕೂಡಲೇ ಹೋಗುವ ಹಂಗಾಮಿ ಮನುಷ್ಯ. ಬ್ಯಾಸಿಗೆಯಲ್ಲಿ ನಮ್ಮ ಕಚೇರಿ ತಂಪು ಇಡುವುದು ಅವರ ಕೆಲಸ.

ಎಪ್ಪತ್ತರ ದಶಕದ ಮಾತು. ನಾನು ಬಬಲೇಶ್ವರದ ಕುರಿಗಾರರ ಮನೆಯವನು. ಜೋರಾಪುರ ಪೇಟೆಯ ಅಡತಿ ಅಂಗಡಿಯಲ್ಲಿ ಸಂಜೆ ಚೀಲ ಹೊಲೆದು, ಅದೇ ಅಂಗಡಿಯ ಮಾಳಿಗೆ ಮೇಲೆ ಮಲಗಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಸಹಿ ಮಾಡಲು ಕಲಿತವನೇ ನಾನು ಮೊದಲಿಗ, ಇನ್ನು ಪದವಿಯ ಮಾತೆಲ್ಲಿ! ಹೊಲಗಳ ನಕ್ಷೆ ಇಡುವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ನೌಕರಿ ಸಿಕ್ಕಾಗ ಎರಡು ಪೆನ್ನು ಕೊಂಡೆ. ಒಂದು ಬರೆಯಲಿಕ್ಕೆ, ಒಂದು ಕಿಸೆಯಲ್ಲಿ ಕಾಣಲಿಕ್ಕೆ. ಇದನ್ನು ನಾಚಿಕೆ ಇಲ್ಲದೆ ಹೇಳುತ್ತೇನೆ. ಚೀಲ ಹೊಲೆದ ಬೆರಳಿಗೆ ಪೆನ್ನು ಸುಮ್ಮನೆ ಬರಲಿಲ್ಲ.

ವಿಜಾಪುರದ ಬ್ಯಾಸಿಗೆ ಕಂಡವರಿಗೆ ವಿವರಿಸಬೇಕಿಲ್ಲ. ಮಧ್ಯಾಹ್ನ ಪಡುವಣದಿಂದ ಬರುವ ಝಳ ಮುಖಕ್ಕೆ ಹೊಡೆದರೆ ರೊಟ್ಟಿಯ ಹಂಚಿಗೆ ಬಾಗಿದಂತೆ ಆಗುತ್ತಿತ್ತು. ನಮ್ಮ ಕಚೇರಿ ಹಳೆಯ ಕಲ್ಲಿನ ಕಟ್ಟಡ. ಹಗಲೆಲ್ಲ ಕಾದ ಕಲ್ಲು ಸಂಜೆಗೆ ನಮ್ಮ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿತ್ತು. ಒಂದು ಕಡೆ ಸಾಹೇಬರ ಕೋಣೆ. ಇನ್ನೊಂದು ಕಡೆ ನಾವು ಹನ್ನೊಂದು ಮಂದಿ ಕೂರುವ ಉದ್ದನೆಯ ಹಾಲು. ವಾಳದ ತಟ್ಟಿ ಸಾಹೇಬರ ಕೋಣೆಗೆ ಮಾತ್ರ. ಹಾಲಿಗೆ ಒಂದು ಪಂಖಾ. ಅದು ಬಿಸಿ ಗಾಳಿಯನ್ನು ಎಲ್ಲರಿಗೂ ಸಮನಾಗಿ ಹಂಚುತ್ತಿತ್ತು.

ವಾಳ ಅಂದರೆ ಲಾವಂಚದ ಬೇರು. ಬಿದಿರಿನ ಸೀಳುಗಳ ಚೌಕಟ್ಟಿನಲ್ಲಿ ಅದನ್ನು ಒತ್ತಾಗಿ ಹೆಣೆದು, ಪಡುವಣ ಬಾಗಿಲಿಗೆ ನಿಲ್ಲಿಸಿ, ಮೇಲಿಂದ ನೀರು ಚಿಮುಕಿಸುತ್ತ ಇರಬೇಕು. ಝಳ ಆ ಒದ್ದೆ ಬೇರಿನೊಳಗಿಂದ ಹಾಯ್ದು ಬರುವಾಗ ತಂಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಹೊತ್ತು ಒಳಗೆ ಬರುತ್ತದೆ. ಆ ತಟ್ಟಿ ಹೆಣೆಯುವುದು, ಕಟ್ಟುವುದು, ಹಿಂದಿನ ಬಾವಿಯಿಂದ ನೀರು ಸೇದಿ ತೂತಿನ ಡಬ್ಬಿಯಿಂದ ದಿನವಿಡೀ ಚಿಮುಕಿಸುವುದು, ಎಲ್ಲ ಅವರೊಬ್ಬರೇ. ಬ್ಯಾಸಿಗೆ ಮುಗಿಯುವ ತನಕ ಇಬ್ರಾಹಿಂಪುರದಲ್ಲಿ ತಂಗಿಯ ಮನೆಯಲ್ಲಿ ಇರುತ್ತಿದ್ದರು. ಉಳಿದ ದಿನ ಟಿಕೋಟಾದಲ್ಲಿ ಬುಟ್ಟಿ, ಕಣಜ ಹೆಣೆಯುತ್ತಿದ್ದರು. ಕಚೇರಿಯ ಕಾಗದದಲ್ಲಿ ಅವರು 'ತಟ್ಟಿಯವನು'. ಕಿರಿಯರ ಬಾಯಲ್ಲಿ ತಟ್ಟಿ ಕಾಕಾ. ನನ್ನ ಬಾಯಲ್ಲಿ ಬರೇ 'ಏ ತಟ್ಟಿ'. ಪೆನ್ನು ಎರಡು ಇದ್ದವಲ್ಲ.

ನೌಕರಿಗೆ ಸೇರಿದ ಮೊದಲ ವಾರ. ಸಾಹೇಬರ ಕೋಣೆಗೆ ಕಡತ ಒಯ್ಯುತ್ತ ನಿಂತು ಹೇಳಿದೆ: "ಏ ತಟ್ಟಿ, ಇನ್ನಷ್ಟು ನೀರು ಸುರಿ. ಜಾಸ್ತಿ ತಂಪಾಗತದ."

ಅವರು ಡಬ್ಬಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಿಸೆಯ ಪೆನ್ನಿನ ಹತ್ತಿರ ಕಣ್ಣು ಒಂದು ಕ್ಷಣ ನಿಂತಿತು.

"ಏನ್ ಕಲ್ತೀರಿ ಸಾಹೇಬ್ರ?"

"ಬಿ.ಎಸ್ಸಿ."

"ಹಂಗಾರ ನಿಮಗ ಗೊತ್ತಿರಬೇಕಲ್ರಿ. ನೀರು ತಂಪ ಮಾಡೂದಿಲ್ಲ. ಗಾಳಿ ತಂಪ ಮಾಡ್ತೈತಿ. ನೀರು ಬರೇ ಕೂಲಿಯಾಳು, ನನ್ನಂಗ."

ಹಾಲೆಲ್ಲ ನಕ್ಕಿತು. ಅಂದಿನಿಂದ ನಾನು ಅವರಿಗೆ 'ಬಿ.ಎಸ್ಸಿ. ಸಾಹೇಬ್ರು'. ಆವಿಯಾಗುವಾಗ ನೀರು ಶಾಖ ಹೀರುತ್ತದೆ ಅಂತ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದವನಿಗೆ, ಕಣ್ಣ ಮುಂದಿನ ಬಾಗಿಲಲ್ಲಿ ಅದೇ ನಡೆಯುತ್ತಿದೆ ಅನ್ನುವುದು ಹೊಳೆದಿರಲಿಲ್ಲ.

ಅವರದೊಂದು ರೂಢಿ ಇತ್ತು. ಅರ್ಧ ತಾಸಿಗೊಮ್ಮೆ ಬಲಗೈ ಹಿಂಭಾಗವನ್ನು ನೀರಲ್ಲಿ ಅದ್ದಿ, ಬಾಗಿಲ ಒಳಗೆ ನಿಂತು ಗಾಳಿಗೆ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ, ವೈದ್ಯ ನಾಡಿ ನೋಡಿದಂತೆ. ಆಮೇಲೆ ಒಂದು ಡಬ್ಬಿ ನೀರು, ಅಥವಾ ಅರ್ಧ, ಅಥವಾ ಏನೂ ಇಲ್ಲ. "ಸಾಹೇಬ್ರಿಗೆ ನಿದ್ದಿ ಬರುವಷ್ಟು ತಂಪ ಮಾಡಬಾರ್ದು, ಸಿಟ್ಟು ಬರುವಷ್ಟು ಶಕಿನೂ ಇರಬಾರ್ದು. ನಡುವ ಇಟ್ಟರ ಸಹಿ ಬೀಳ್ತಾವು" ಅನ್ನುವರು.

ಸಹಿಯ ಮಾತು ಬಂತು. ಮಧ್ಯಾಹ್ನ ಎರಡಾದರೆ ನಮ್ಮ ಹಾಲಿನವರಿಗೆಲ್ಲ ಏಕಾಏಕಿ ಸಾಹೇಬರ ಸಹಿ ಬೇಕಾಗುತ್ತಿತ್ತು. ಒಬ್ಬೊಬ್ಬರೇ ಕಡತ ಹಿಡಿದು ಆ ತಂಪು ಕೋಣೆ ಹೊಕ್ಕು, ಇಲ್ಲದ ಅನುಮಾನ ಕೇಳುತ್ತ ನಿಲ್ಲುವುದು. ಮೈಸೂರು ಕಡೆಯಿಂದ ಬಂದಿದ್ದ ಸಾಹೇಬರು ಒಮ್ಮೆ ಹೆಡ್ ಕ್ಲಾರ್ಕರಿಗೆ ಹೇಳಿದರಂತೆ: "ಈ ಊರಿನವರು ಬೇಸಿಗೇಲೇ ಎಷ್ಟು ಚೆನ್ನಾಗಿ ಕೆಲಸ ಮಾಡ್ತಾರಲ್ರೀ!" ಹೊರಗೆ ನೀರು ಚಿಮುಕಿಸುತ್ತಿದ್ದ ಕಾಕಾ ಅದನ್ನು ಕೇಳಿ, ನಮ್ಮ ಹತ್ತಿರ ಬಂದು ಗಂಭೀರವಾಗಿ ಹೇಳಿದರು: "ಮಿರಗ ಬರೂತನಾ ಎಲ್ಲಾರಿಗೂ ಬಡತಿ ಆಗೂದೈತಿ. ಹಿಂಗಽ ನಡಸ್ರಿ."

ಅದೇ ಬ್ಯಾಸಿಗೆಯಲ್ಲಿ ನಮ್ಮಪ್ಪ ಬಬಲೇಶ್ವರದಿಂದ ನನ್ನ ಕಚೇರಿ ನೋಡಲು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಹಾಲಿನ ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ ಕರೆದ: "ತಮ್ಮಾ, ಯಾವ ಕುರ್ಚಿ ಲೇ ನಿಂದು?" ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕುರಿ ವಾಸನೆ ಹಾಲಿನ ತುಂಬ. ನಾನು ತಲೆ ತಗ್ಗಿಸಿ ಕಾಗದ ಹುಡುಕುತ್ತಿದ್ದಂತೆ ಕಾಕಾ ಬಂದು ಅಪ್ಪನ ಕೈ ಹಿಡಿದರು. "ಬರ್ರಿ ಯಜಮಾನ್ರ, ಇಲ್ಲಿ ಕುಂದರ್ರಿ" ಅಂತ ಸಾಹೇಬರ ಬಾಗಿಲ ಪಕ್ಕ, ತಟ್ಟಿಯ ಗಾಳಿ ತಾಗುವ ಮೂಲೆಯಲ್ಲಿ ಕೂರಿಸಿದರು.

ಅಪ್ಪ ಗಾಳಿ ಮೂಸಿ ನಕ್ಕ. "ಇದು ನಮ್ಮದಽ ಕಸಬು ನೋಡು. ಬ್ಯಾಸಿಗ್ಯಾಗ ಕುರಿ ಮರಿ ಹಾಕಿದ್ರ ನಾವು ಒದ್ದಿ ಕಂಬಳಿ ಕೋಲಿಗೆ ಕಟ್ಟಿ ಪಡುವಣಕ್ಕ ನಿಂದರಸ್ತೀವಿ."

"ಮೂಡಣ ಕಡೆ?" ಕಾಕಾ ಕೇಳಿದರು, ಪರೀಕ್ಷೆ ಮಾಡುವವರ ಹಾಗೆ.

"ಮೂಡಣ ತೆರದಽ ಇರಬೇಕು. ಹೋಗಾಕ ದಾರಿ ಇಲ್ದಿದ್ರ ಗಾಳಿ ಒಳಗ ಯಾಕ ಬಂದೀತು?"

ಕಾಕಾ ನನ್ನ ಕಡೆ ತಿರುಗಿ, "ಬಿ.ಎಸ್ಸಿ. ಸಾಹೇಬ್ರ, ನಿಮ್ಮಪ್ಪ ಎಮ್ಮೆಸ್ಸಿ ಅದಾರ್ರಿ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಮಾತನ್ನು ಕಿವಿಗೂ ಹಾಕಿಕೊಳ್ಳಲಿಲ್ಲ. ಅದರ ಫಲ ಮುಂದೆ ಉಂಡೆ.

ಒಂದು ಮಧ್ಯಾಹ್ನ ನಮ್ಮ ಟೈಪಿಸ್ಟ್ ಅಕ್ಕೋರು ಮಷಿನ್ ಮೇಲೆ ತಲೆ ಇಟ್ಟರು. ದಣಿದು ಮಲಗಿದ್ದಾರೆ ಅಂತ ನಾವು ತಿಳಿದೆವು. ಮೂರ್ಛೆ ಹೋಗಿದ್ದರು. ನೀರು ಚಿಮುಕಿಸಿ ಎಬ್ಬಿಸಿದವರು ಕಾಕಾ. ಕಣ್ಣು ತೆರೆದ ಅಕ್ಕೋರು ಹೇಳಿದ ಮೊದಲ ಮಾತು: "ನನಗ ಚಿಮುಕಿಸೂ ಬದ್ಲು ಈ ಗ್ವಾಡಿಗೆ ಚಿಮುಕಸ್ರಿ ಕಾಕಾ. ಸ್ಟೆನ್ಸಿಲ್ಲಿನ ಮ್ಯಾಣದ ಕಾಗದ ಕರಗಾಕತ್ತೈತಿ, ನಾ ಎಷ್ಟರಾಕಿ!"

ಹಿಂದಿನ ಹಾಳು ಕೋಣೆಯಲ್ಲಿ ಪ್ರತಿ ವರ್ಷ ಎಸೆದ ಹಳೆಯ ತಟ್ಟಿಗಳ ರಾಶಿ ಇತ್ತು. ಕಾಕಾ ಮೂರು ಭಾನುವಾರ ಅಲ್ಲಿ ಕುಳಿತು, ಅದರಲ್ಲಿ ಇನ್ನೂ ಗಟ್ಟಿ ಇದ್ದ ಬೇರು ಆರಿಸಿ, ತೊಳೆದು, ನಮ್ಮ ಹಾಲಿನ ಪಡುವಣ ಬಾಗಿಲ ಅಳತೆಗೆ ಸರಿಯಾಗಿ ಒಂದು ತಟ್ಟಿ ಹೆಣೆದರು. ಸೋಮವಾರ ನಾವು ಬಂದಾಗ ಅದು ನಿಂತಿತ್ತು. ಬುಡದಲ್ಲಿ ಹನಿ ಹಿಡಿಯಲು ಸೀಳಿದ ಬಿದಿರಿನ ದೋಣಿ.

ಸಾಹೇಬರು ಬಂದು ನೋಡಿದರು. "ಯಾರು ಹೇಳಿದ್ದು ಇದನ್ನ ಕಟ್ಟೋಕೆ? ರೂಲ್ಸಲ್ಲಿ ಇಲ್ಲ."

"ಬೇರು ನೀವು ಒಗದದ್ದು, ಬಿದಿರು ನಂದು, ಬಾವಿ ನೀರು ದೇವರದು" ಎಂದರು ಕಾಕಾ. "ಬಾಗಲಾ ಒಂದಽ ಸರ್ಕಾರದ್ದು ನೋಡ್ರಿ. ಅದಕ್ಕ ಹಚ್ಚಬ್ಯಾಡ ಅಂದ್ರ ಎರಡ ಮಾರು ಹಿಂದ, ಅಂಗಳದಾಗ ನಿಂದರಸ್ತೀನಿ."

ಸಾಹೇಬರು ಕೆಟ್ಟವರಲ್ಲ. ನಗು ತಡೆದುಕೊಂಡರು. ಆದರೆ ಹಾಲಿನ ಮೂಲೆಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ್ದ ಹಳೆಯ ನಕ್ಷೆಗಳನ್ನು ತೋರಿಸಿ ಹೇಳಿದರು: "ಇವುಗಳ ಮೇಲೆ ನೀರು ತಾಗಿದ್ರೆ ಆವತ್ತೇ ನೀನೂ ಇಲ್ಲ, ನಿನ್ನ ತಟ್ಟಿನೂ ಇಲ್ಲ. ಮುಂದಿನ ಬೇಸಿಗೆಗೂ ಬರಬೇಡ."

"ತಾಗಂಗಿಲ್ರಿ" ಎಂದರು ಕಾಕಾ.

ತಾಗಲಿಲ್ಲ. ಒಂದು ಕೂಲಿಯಲ್ಲಿ ಎರಡು ತಟ್ಟಿ ನೋಡಿಕೊಂಡರು. ಬಾವಿಗೆ ಹೋಗುವುದು ದುಪ್ಪಟ್ಟಾಯಿತು. ಹಾಲು ತಣ್ಣಗಾಯಿತು. ಅಕ್ಕೋರು ಸೆರಗಿನಿಂದ ಬೆವರು ಒರೆಸುವುದು ಬಿಟ್ಟರು. ಸಾಹೇಬರ ಸಹಿ ಕೇಳುವವರು ಕಡಿಮೆಯಾದರು. ಸಾಹೇಬರಿಗೆ ಅದರ ಕಾರಣ ಕೊನೆಯ ತನಕ ತಿಳಿಯಲಿಲ್ಲ.

ಮೇ ತಿಂಗಳ ನಡುವೆ ಕಾಕಾನ ಮಗಳ ಕುಬಸ ಬಂತು. ಮೊದಲ ಬಸಿರು. ಒಂದು ದಿನಕ್ಕೆ ಟಿಕೋಟಾಕ್ಕೆ ಹೋಗಲೇಬೇಕು. ನೀರು ಹಾಕಲು ಜವಾನನಿಗೆ ಒಪ್ಪಿಸಿ, ಮೇಲ್ವಿಚಾರಣೆಗೆ ಅಂತ ನನ್ನ ಹತ್ತಿರ ಬಂದರು. "ಅರ್ಧ ತಾಸಿಗೊಂದ ಡಬ್ಬಿ. ಜಾಸ್ತಿ ಬ್ಯಾಡ. ಎದುರಿನ ಮೂಡಣ ಕಿಡಕಿ ಮಾತ್ರ ಮುಚ್ಚಬ್ಯಾಡ್ರಿ. ಜಗತ್ತು ಮುಳುಗಿದ್ರೂ ಮುಚ್ಚಬ್ಯಾಡ್ರಿ."

"ಆತು ಆತು" ಅಂದೆ.

ಆ ದಿನ ಗಾಳಿ ಮಂದವಾಗಿತ್ತು. ಹಾಲು ಕಾಯತೊಡಗಿತು. ಎಲ್ಲರೂ ನನ್ನ ಕಡೆ ನೋಡಿದರು. "ಏನಪಾ ಬಿ.ಎಸ್ಸಿ., ಕಾಕಾ ಇಲ್ದ ನಿನ್ನ ಡಿಗ್ರಿ ಬೆವರಾಕತ್ತೈತಲ್ಲ" ಎಂದರು ಅಕ್ಕೋರು. ಅದು ತಾಗಿತು. ಎದ್ದೆ. ತಂಪು ಹೊರಗೆ ಹೋಗುತ್ತಿದೆ, ತಡೆದರೆ ಉಳಿಯುತ್ತದೆ ಅಂತ ಲೆಕ್ಕ ಹಾಕಿದೆ. ಮೂಡಣ ಕಿಡಕಿಗಳನ್ನೆಲ್ಲ ಮುಚ್ಚಿ ಅಗಳಿ ಹಾಕಿದೆ. ಜವಾನನಿಗೆ ಡಬ್ಬಿ ಬಿಟ್ಟು ಕೊಡದಲ್ಲಿ ಸುರಿಯಲು ಹೇಳಿದೆ. ಒಂದು ಕೊಡ, ಎರಡು, ನಾಲ್ಕು. ಗಾಳಿಗೆ ಹೋಗಲು ದಾರಿ ಇಲ್ಲ, ಹೀಗಾಗಿ ಬರಲಿಲ್ಲ. ಹಾಲು ಉಗಿ ಹಿಡಿದ ಸ್ನಾನದ ಕೋಣೆ ಆಯಿತು. ಬಿದಿರಿನ ದೋಣಿ ತುಂಬಿ ಹರಿದದ್ದು ಯಾರಿಗೂ ಕಾಣಲಿಲ್ಲ. ನೆಲದ ಇಳಿಜಾರು ಹಿಡಿದು ನೀರು ಸೀದಾ ಮೂಲೆಗೆ ಹೋಗಿ ನಕ್ಷೆಗಳ ಬುಡಕ್ಕೆ ನಿಂತಿತು.

ಕಂಡವರು ಸಾಹೇಬರೇ. ನಾಲ್ಕು ಸುರುಳಿಗಳ ಬುಡ ನೆಂದು, ಗಡಿಯ ಕೆಂಪು ಗೆರೆ ಹರಡಿತ್ತು. ಸಾಹೇಬರ ಮುಖವೂ ಅದೇ ಬಣ್ಣಕ್ಕೆ ತಿರುಗಿತು. "ನಾನು ಹೇಳಿರಲಿಲ್ವಾ? ಅವನು ನಾಳೆ ಬಂದ ಕೂಡಲೇ ತಟ್ಟಿ ಬಿಚ್ಚಿಸಿ ಕಳಿಸಿಬಿಡಿ." ಹೆಡ್ ಕ್ಲಾರ್ಕರು ಆಗಲೇ ಬರೆದರು: ತಟ್ಟಿಯವನ ನಿರ್ಲಕ್ಷ್ಯದಿಂದ.

ನಾನು ಕಡತದ ಹಾಳೆ ತಿರುವುತ್ತ ಕುಳಿತೆ. ಸಾಹೇಬರು ಹೋದ ಮೇಲೆ ಹೆಡ್ ಕ್ಲಾರ್ಕರು ನನ್ನ ಮೇಜಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಸುಮ್ನಿರು ತಮ್ಮಾ. ಕಿಡಕಿ ಯಾರು ಮುಚ್ಚಿದ್ರು ನಾ ನೋಡೀನಿ. ನಿಂದು ಇನ್ನೂ ಪ್ರೊಬೇಷನ್. ಒಂದ ಕಾಗದ ನಿನ್ನ ಮ್ಯಾಲೆ ಬಂತಂದ್ರ ಮತ್ತ ಚೀಲ ಹೊಲಿಯಾಕ ಹೋಗತೀ. ಅವ ಹಂಗಾಮಿ ಮನಷ್ಯಾ, ಬುಟ್ಟಿ ಹೆಣಕೊಂಡ ಬದಕ್ತಾನ."

ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಅದೇ ತೊಂದರೆ.

ಮರುದಿನ ಮುಂಜಾನೆ ಕಾಕಾ ಬಂದರು. ಹೊಸ ಧೋತರ. ಬಟ್ಟೆಯಲ್ಲಿ ಕಟ್ಟಿದ ಕುಬಸದ ಹೋಳಿಗೆ, ಇಡೀ ಹಾಲಿಗೆ ಆಗುವಷ್ಟು. "ಅಕ್ಕೋರ, ಮೊದಲ ನಿಮಗ" ಅನ್ನುತ್ತ ಗಂಟು ಬಿಚ್ಚುವಾಗ ಹೆಡ್ ಕ್ಲಾರ್ಕರು ಸುದ್ದಿ ಹೇಳಿದರು. ಕಾಕಾ ಗಂಟನ್ನು ಮತ್ತೆ ಕಟ್ಟಲಿಲ್ಲ, ಹಂಚಲೂ ಇಲ್ಲ. ಮೇಜಿನ ಮೇಲೆ ಇಟ್ಟರು. ಮೂಲೆಯ ನಕ್ಷೆ ನೋಡಿದರು. ದೋಣಿ ನೋಡಿದರು. ಆಮೇಲೆ ಮೂಡಣ ಗೋಡೆಗೆ ಹೋಗಿ, ಹಾಕಿದ ಅಗಳಿಯ ಮೇಲೆ ಕೈ ಇಟ್ಟರು.

"ಇದನ್ನ ಯಾರು ಮುಚ್ಚಿದ್ರಿ?"

ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹಗುರಾಗುತ್ತಿತ್ತೋ ಏನೋ. ಸುಮ್ಮನೆ ಹೋಗಿ ತಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಂಟು ಬಿಚ್ಚತೊಡಗಿದರು. ಇಪ್ಪತ್ತಕ್ಕೂ ಹೆಚ್ಚು ಗಂಟು. ಕೊಯ್ದರೆ ಒಂದು ನಿಮಿಷದ ಕೆಲಸ. ಅವರು ಕೊಯ್ಯಲಿಲ್ಲ. ಒಂದೊಂದನ್ನೇ ಉಗುರಿನಿಂದ ಬಿಡಿಸಿ, ಹುರಿಯನ್ನು ಪಕ್ಕಕ್ಕೆ ಸುತ್ತಿ ಇಡುತ್ತಿದ್ದರು.

ಆ ಬೆರಳು ನೋಡುತ್ತ ಕುಳಿತೆ. ಮೂರನೆಯ ಗಂಟಿಗೆ ನಾನು ಕಾಗದ ತೆಗೆದೆ. ಕಿಸೆಯಲ್ಲಿ ಕಾಣಲಿಕ್ಕೆ ಇಟ್ಟಿದ್ದ ಪೆನ್ನು ತೆಗೆದೆ. 'ನಿನ್ನೆಯ ದಿನ ನಕ್ಷೆಗಳು ನೆಂದಿದ್ದು' ಅಂತ ಶುರು ಮಾಡಿ, ಒಂದು ಸಾಲು ಬರೆದು ನಿಂತೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಪಕ್ಕದವರನ್ನು ಕೇಳಿದೆ. ಅವರಿಗೂ ಗೊತ್ತಿಲ್ಲ. ಎದ್ದು ಹೋಗಿ ಕಾಕಾನ ಪಕ್ಕ ಕುಕ್ಕರಿಸಿದೆ.

"ನಿಮ್ಮ ಹೆಸರೇನ್ರಿ?"

ಗಂಟಿನಿಂದ ಕಣ್ಣು ಎತ್ತಲಿಲ್ಲ. "ಯಾಕ್ರಿ? ಪೊಲೀಸ್ರಿಗೆ ಕೊಡವ್ರೇನು?"

"ಬರಿಯೂದೈತ್ರಿ."

ಆಗ ನೋಡಿದರು. ಸಾವಕಾಶ ಹೇಳಿದರು. ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಸಾಕಿನ್ ಟಿಕೋಟಾ. ಬಹಳ ದಿನದಿಂದ ಯಾರೂ ಕೇಳದೆ ಇದ್ದದ್ದನ್ನು ಒಳಗಿನ ಪೆಟ್ಟಿಗೆಯಿಂದ ತೆಗೆದು ಕೊಟ್ಟ ಹಾಗೆ.

ಹತ್ತೊಂಬತ್ತು ಸಾಲು ಬರೆದೆ. ಮೇಲ್ಕಂಡ ಇವರು ಕಿಡಕಿ ಮುಚ್ಚಬಾರದೆಂದು, ಹೆಚ್ಚು ನೀರು ಹಾಕಬಾರದೆಂದು ನನಗೆ ಸ್ಪಷ್ಟವಾಗಿ ಹೇಳಿದ್ದರು. ಮುಚ್ಚಿದವನು ನಾನು, ಸುರಿಸಿದವನು ನಾನು. ತಟ್ಟಿಯಲ್ಲಿ ದೋಷವಿಲ್ಲ, ಹೆಣೆದವರಲ್ಲಿಯೂ ಇಲ್ಲ.

ಸಾಹೇಬರು ಎರಡು ಸಲ ಓದಿದರು. "ಇದನ್ನ ನಿಮ್ಮ ಸರ್ವಿಸ್ ಬುಕ್ಕಿಗೆ ಸೇರಿಸಬೇಕಾಗುತ್ತೆ. ಗೊತ್ತಾ?"

"ಗೊತ್ತೈತ್ರಿ ಸರ್."

"ಪ್ರೊಬೇಷನ್ ಮುಂದಕ್ಕೆ ಹೋಗುತ್ತೆ. ವಾಪಸ್ ತಗೊಳ್ಳೋದಾದ್ರೆ ಈಗ್ಲೇ ತಗೊಳ್ಳಿ."

ಕೈ ಆ ಕಾಗದದ ಕಡೆ ಹೋಯಿತು. ಸುಳ್ಳು ಯಾಕೆ ಹೇಳಲಿ. ಅಪ್ಪ ಹಾಲಿನ ಬಾಗಿಲಲ್ಲಿ ನಿಂತು ಕುರ್ಚಿ ಯಾವುದು ಅಂತ ಕೇಳಿದ್ದು ನೆನಪಾಯಿತು. ಆ ದಿನ ತಲೆ ತಗ್ಗಿಸಿದ್ದೆ. "ಇಲ್ರಿ ಸರ್, ಇರಲಿ" ಅಂದೆ.

ಅವರು ಕಾಗದದ ಮೇಲಿನ ಹೆಸರಿನ ಮೇಲೆ ಬೆರಳಿಟ್ಟರು. "ಇದು ಅವನ ಹೆಸರಾ? ಮೂರು ಬೇಸಿಗೆಯಿಂದ ನನ್ನ ಬಾಗಿಲಲ್ಲೇ ನಿಂತಿದಾನೆ. ನನಗೆ ಗೊತ್ತೇ ಇರಲಿಲ್ಲ." ಸಹಿ ಹಾಕಿ ಕೊಟ್ಟರು. "ಹೋಗಿ, ಬಿಚ್ಚೋದು ನಿಲ್ಲಿಸೋಕೆ ಹೇಳಿ ಅವರಿಗೆ." 'ಅವನು' ಹೋಗಿ 'ಅವರು' ಆದದ್ದನ್ನು ನಾನು ಗಮನಿಸಿದೆ.

ಹಾಲಿಗೆ ಬಂದಾಗ ಇನ್ನು ನಾಲ್ಕು ಗಂಟು ಉಳಿದಿದ್ದವು. "ನಿಲ್ಲಸ್ರಿ ಕಾಕಾ" ಅಂದೆ. ನಾನು ಕಾಕಾ ಅಂದದ್ದು ಅದೇ ಮೊದಲು.

"ಏನ್ ಬರದೀರಿ, ಓದ್ರಿ."

ಓದಿದೆ. ಇಡೀ ಹಾಲು ಕೇಳಿತು. ಮುಗಿದ ಮೇಲೆ ಕಾಕಾ ಕೇಳಿದರು: "ನನ್ನ ಹೆಸರ ಎಲ್ಲೈತ್ರಿ ಅದ್ರಾಗ? ತೋರಸ್ರಿ."

ತೋರಿಸಿದೆ. ಮುಟ್ಟುವ ಮೊದಲು ಕೈಯನ್ನು ಹೊಸ ಧೋತರಕ್ಕೆ ಒರೆಸಿಕೊಂಡರು. ಸಾಲದು ಅನ್ನಿಸಿ ಮತ್ತೊಮ್ಮೆ ಒರೆಸಿಕೊಂಡರು. ಆಮೇಲೆ ಒಂದೇ ಬೆರಳು ಇಟ್ಟು ಅಕ್ಷರದಿಂದ ಅಕ್ಷರಕ್ಕೆ ಸರಿಸಿದರು. ಧನ್ಯವಾದ ಗಿನ್ಯವಾದ ಏನೂ ಇಲ್ಲ. ಎದ್ದು ನಿಂತು ಅಂದರು:

"ಹಂಗಾರ ಎದುರಿನ ಕಿಡಕಿ ತಗೀರಿ ಮೊದಲ. ಹೋಳಿಗಿ ಬೆವರಾಕತ್ತಾವು."

ನಾನೇ ಹೋಗಿ ತೆಗೆದೆ. ಗಾಳಿ ಬಂತು.

ನನ್ನ ಪ್ರೊಬೇಷನ್ ಒಂದು ವರ್ಷ ಮುಂದೆ ಹೋಯಿತು. ನನ್ನ ಜೊತೆಯವರು ನನಗಿಂತ ಮೊದಲು ಬಡ್ತಿ ಪಡೆದರು. ಕಾಕಾ ಇನ್ನೂ ಹಲವು ಬ್ಯಾಸಿಗೆ ಬಂದರು. ಹಾಲಿನ ತಟ್ಟಿ ಎರಡು ವರ್ಷದ ಮೇಲೆ ರೂಲ್ಸಿಗೂ ಬಂತು. ಆಮೇಲೆ ಡಬ್ಬಿಯಂಥ ಕೂಲರ್ ಬಂತು. ಒಂದು ದಿನ ಅದನ್ನು ನೋಡಲು ಬಂದ ಕಾಕಾ, ಅದರ ಬೆನ್ನಿಗೆ ಹಾಕಿದ ಒದ್ದೆ ಹುಲ್ಲು ಮುಟ್ಟಿ, "ಒಳಗ ನಮ್ಮದಽ ಐತಿ, ಹೊರಗ ತಗಡ ಹಚ್ಯಾರ" ಎಂದು ಕೂಲರಿನ ಬೆನ್ನು ತಟ್ಟಿ ಹೋದರು.

ನಮ್ಮ ಮನೆಯ ಗೋಡೆಯ ಮೇಲೆ ನನ್ನ ಪದವಿ ಪತ್ರ ಇದೆ. ಗಾಜು ಹಾಕಿಸಿದ್ದೇನೆ. ಕುರಿಗಾರರ ಮನೆಯ ಮೊದಲ ಪದವಿ, ಹಾಕಿಸಲೇಬೇಕು. ಆದರೆ ನಿವೃತ್ತಿಯ ದಿನ ನನ್ನ ಸರ್ವಿಸ್ ಬುಕ್ಕು ಕೈಗೆ ಬಂದಾಗ ನಾನು ಹುಡುಕಿದ್ದು ಒಂದೇ ಹಾಳೆ. ಅದಕ್ಕೆ ಚುಚ್ಚಿದ ಟಾಚಣಿ ತುಕ್ಕು ಹಿಡಿದಿತ್ತು. ಹತ್ತೊಂಬತ್ತು ಸಾಲೂ ಇದ್ದವು. ಅವರ ಹೆಸರಿನ ಮೂರನೆಯ ಅಕ್ಷರ ಮಾತ್ರ ತುಸು ಹರಡಿತ್ತು. ಎರಡು ಸಲ ಒರೆಸಿಕೊಂಡರೂ ಆ ಕೈಯಲ್ಲಿ ಅಷ್ಟು ತೇವ ಉಳಿದಿತ್ತು.

ಇಲ್ಲಿ ಅವರ ಹೆಸರನ್ನು ನಾನು ಮತ್ತೆ ಬರೆಯುವುದಿಲ್ಲ. ಬರೆಯಬೇಕಾದ ದಿನ, ಬರೆಯಬೇಕಾದ ಕಾಗದದ ಮೇಲೆ, ಕೆಳಗೆ ನನ್ನ ಸಹಿ ಹಾಕಿ ಬರೆದಿದ್ದೇನೆ.